ಅವಳ ಕೈಲಾಗದ ಕೆಲಸಗಳು

"ಬೀಗ ಕೆಟ್ಟಿದೆ!"

ಹಿಂದೆ ಯಾರೋ ಮೆಟ್ಟಿಲು ಹತ್ತಿ ಬಂದ ಸದ್ದು ಕೇಳಿದ ಕೂಡಲೇ, ಮನೆ ಬಾಗಿಲ ಮುಂದೆ ಕೀಲಿ ಹಿಡಿದು ನಿಂತಿದ್ದ ಅವಳು ಹಾಗೆಂದುಬಿಟ್ಟಳು. ಯಾರೂ ಏನೂ ಕೇಳಿರಲೇ ಇಲ್ಲ! ಪಾಪ, ಕಣ್ಣೊರೆಸಿಕೊಳ್ಳಲೂ ಸಮಯ ಸಿಕ್ಕಿರಲಿಲ್ಲ.

ಬಂದವನು ಕೆಳಗಿನ ಬೀಗ ರಿಪೇರಿ ಅಂಗಡಿಯವನು. ಬೀದಿಯವರು ಅವನಿಗೆ ಇಟ್ಟ ಹೆಸರು ಕೀಲಿಕೈ.

"ಕೊಡಿ ಟೀಚರ್, ನೋಡ್ತೀನಿ."

ಅವನು ಕೀಲಿ ಹಾಕಿ ತಿರುಗಿಸಿದ. ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಅವನ ಕಣ್ಣು ಅವಳ ಕೈಯ ಕಡೆ ಹೋಯಿತು. ಬೆರಳಿನ ಗಂಟುಗಳು ಕೆಂಪಗೆ ಊದಿದ್ದವು. ಅವಳು ಥಟ್ಟನೆ ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡಳು.

'ಈಗ ಕೇಳ್ತಾನೆ... ಕೈಗೇನಾಯ್ತು ಅಂತ ಕೇಳೇ ಕೇಳ್ತಾನೆ!'

ಅವನು ಕೇಳಲಿಲ್ಲ. ಜೇಬಿನಿಂದ ಎಣ್ಣೆ ಡಬ್ಬಿ ತೆಗೆದು ಬೀಗಕ್ಕೆ ಎರಡು ಹನಿ ಬಿಟ್ಟ.

"ಹೌದು ಟೀಚರ್, ಒಳಗೆ ತುಕ್ಕು. ದರಿದ್ರ ಬೀಗ! ನನ್ನ ಕೈಗೂ ಬಿಗಿಯಾಗೇ ಸಿಕ್ತು."

ಬೀಗ ಹೊಚ್ಚ ಹೊಸದು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಷ್ಟೇ ಸಾಕಾಯಿತು ನೋಡಿ, ಹುಡುಗಿ ಅವನಿಗೆ ಮನಸೋಲಲು!

ಅವಳು ಕಸೂತಿ ಟೀಚರ್. ಈಗಲ್ಲ, ಮೊದಲು. ಸಂಧಿವಾತ ಬಂದ ಮೇಲೆ ಸೂಜಿ ಹಿಡಿಯಲಾಗದೆ ತರಗತಿ ಬಿಟ್ಟಳು. ಒಂದು ದಿನ ಚೆನ್ನಾಗಿರುತ್ತಿದ್ದಳು, ಮರುದಿನ ಹಾಸಿಗೆಯಿಂದ ಏಳಲೂ ಆಗುತ್ತಿರಲಿಲ್ಲ. ತಾಯಿ ಹಾಸ್ಟೆಲ್ ಒಂದರ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ತೊಳೆದು ಮನೆ ನಡೆಸುತ್ತಿದ್ದಳು. ಆ ತಾಯಿಯ ಬೆನ್ನು ಈಗ ಬಗ್ಗಿದರೆ ಏಳುತ್ತಿರಲಿಲ್ಲ. ಇನ್ನು ಪಾತ್ರೆ ಎತ್ತಿದರೆ ನಡೆಯೋದೇ ನಿಂತು ಹೋಗುತ್ತೆ ಎಂದು ವೈದ್ಯರು ಗದರಿಸಿ ಕಳಿಸಿದ್ದರು.

ಉಳಿದಿದ್ದು ಒಂದೇ ದಾರಿ, ಅಂಗವಿಕಲರ ಮಾಸಾಶನ. ಅದು ಮಂಜೂರಾದರೆ ಅಮ್ಮ ಕೆಲಸ ಬಿಡಬಹುದು. ಇಲ್ಲದಿದ್ದರೆ...

'ಇಲ್ಲದಿದ್ದರೆ' ಎಂಬುದನ್ನು ಅವಳು ಯೋಚಿಸಲೇ ಹೆದರುತ್ತಿದ್ದಳು.

ಅಯ್ಯೋ, ಆ ಅರ್ಜಿಯ ಗೋಳು ಯಾರಿಗೂ ಬೇಡ! ಈ ಕೌಂಟರಿನವರು ಆ ಕೌಂಟರಿಗೆ ಹೋಗಿ ಎನ್ನುವರು, ಆ ಕೌಂಟರಿನವರು ಊಟಕ್ಕೆ ಹೋಗಿರುವರು. ತಪಾಸಣೆಗೆ ಕರೆದ ದಿನವೇ ಆ ಹಾಳಾದ ಬೆರಳುಗಳು ಚೆನ್ನಾಗಿ ಮಡಚಿಕೊಂಡವು!

"ನೋಡೋಕೆ ಗುಂಡುಕಲ್ಲಿನ ಹಾಗಿದ್ದೀಯಲ್ಲಮ್ಮ?" ಎಂದ ಗುಮಾಸ್ತ.

ಬಟ್ಟೆ ಹಾಕಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದಾಗ ಅವಳು "ನಿಧಾನಕ್ಕೆ ಹಾಕ್ಕೋತೀನಿ" ಎಂದಳು. ಅಮ್ಮ ಹಾಕುತ್ತಾಳೆ ಎನ್ನಲು ನಾಲಿಗೆಯೇ ಏಳಲಿಲ್ಲ. ತಾಯಿ ಮಗಳಿಬ್ಬರಿಗೂ ಎಲ್ಲವನ್ನೂ ಮುಚ್ಚಿಟ್ಟೇ ಅಭ್ಯಾಸ. ಬೀದಿಯಲ್ಲಿ ಯಾರಿಗೂ, ಅದರಲ್ಲೂ ಕೀಲಿಕೈಗೆ, ಅರ್ಜಿಯ ವಿಷಯ ಹೇಳಬಾರದೆಂದು ಅವಳು ಅಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳು.

ಆದರೆ ಅವನು ಬಿಡಬೇಕಲ್ಲ! ಒಂದು ಬೆಳಿಗ್ಗೆ ಕೇಳಿಯೇ ಬಿಟ್ಟ.

"ಏನಮ್ಮಾ, ತಾಯಿ ಮಗಳು ಒಳ್ಳೆ ಬಟ್ಟೆ ಹಾಕ್ಕೊಂಡು ಪದೇ ಪದೇ ಎಲ್ಲಿಗೆ ಸವಾರಿ?"

ಮಗಳು ಮುಂದೆ ಹೋಗಿದ್ದಳು. ತಾಯಿ ತಡವರಿಸಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಪುಟ್ಟಿಗೆ ಒಂದು ಸಂಬಂಧ ಬಂದಿದೆ ಕಣಪ್ಪಾ... ಅದರದ್ದೇ ಓಡಾಟ."

ಕೀಲಿಕೈ ನಕ್ಕು "ಒಳ್ಳೇದಾಗ್ಲಿ" ಎಂದ. ಅಂದು ಅವನು ಗಿರಾಕಿಯೊಬ್ಬನಿಗೆ ಬೇರೆಯವರ ಕೀಲಿ ಕೊಟ್ಟು ಚೆನ್ನಾಗಿ ಬೈಸಿಕೊಂಡ.

ಕೆಲವು ವಾರಗಳ ನಂತರ, ಬ್ಯಾಗು ನೇತುಹಾಕಿಕೊಂಡ ಹಿರಿಯರೊಬ್ಬರು ಅಂಗಡಿಯ ಮುಂದೆ ನಿಂತರು.

"ಮೇಲಿನ ಮನೆ ಹುಡುಗಿ ಗೊತ್ತಾ? ಹೇಗೆ?"

ಕೀಲಿಕೈ ಕೆಲಸ ಬಿಟ್ಟು ಎದ್ದು ನಿಂತ. 'ಬಂದೇಬಿಟ್ಟರು, ಗಂಡಿನ ಕಡೆಯವರು...'

"ಅಪರಂಜಿ ಸಾರ್."

"ಮನೆಕೆಲಸ ಮಾಡ್ತಾಳಾ? ಮೆಟ್ಟಿಲು ಹತ್ತಿ ಇಳೀತಾಳಾ? ಏನೋ ಕಾಯಿಲೆ ಅಂತಾರಲ್ಲ?"

ನಿಜ ಹೇಳಿದರೆ ಸಂಬಂಧ ಮುರಿಯುತ್ತದೆ, ಅವಳು ಇಲ್ಲೇ ಉಳಿಯುತ್ತಾಳೆ! ಒಂದು ಗಳಿಗೆ ಅವನಿಗೂ ಆಸೆಯಾಯಿತು. ಸುಳ್ಳೇಕೆ? ಆದರೆ ಶಾಲಿನೊಳಗೆ ಕೈ ಬಚ್ಚಿಡುವ ಆ ಮುಖ ನೆನಪಾಯಿತು.

"ಕಾಯಿಲೆನಾ? ಯಾರು ಸಾರ್ ಹೇಳಿದ್ದು! ಚಿಗರೆ ಹಾಗೆ ಮೆಟ್ಟಿಲು ಇಳೀತಾರೆ. ನೀರು ಹೊರೋದು, ಅಡುಗೆ, ಒಗೆಯೋದು... ಎಲ್ಲಾ ಅವರದ್ದೇ. ಕಣ್ಣು ಮುಚ್ಕೊಂಡು ಒಪ್ಕೊಳ್ಳಿ."

ಹಿರಿಯರು ಎಲ್ಲವನ್ನೂ ಬರೆದುಕೊಂಡು ಹೋದರು. ಅವರು ಗಂಡಿನ ಕಡೆಯವರಲ್ಲ, ಮಾಸಾಶನ ಕಚೇರಿಯ ತನಿಖೆಯವರು!

ಮನೆಗೆ ಉತ್ತರ ಬಂತು. 'ಅರ್ಜಿ ತಿರಸ್ಕರಿಸಲಾಗಿದೆ. ನೆಲಮಹಡಿಯ ಬೀಗ ರಿಪೇರಿಯವರ ಹೇಳಿಕೆಯಂತೆ, ಅರ್ಜಿದಾರರು ಎಲ್ಲ ಕೆಲಸಗಳನ್ನೂ ಸ್ವತಃ ಮಾಡಿಕೊಳ್ಳುತ್ತಾರೆ.'

ಅವಳು ಆ ಕಾಗದ ಹಿಡಿದು ಎದ್ದಳು. ಒಂದೊಂದೇ ಮೆಟ್ಟಿಲು ಇಳಿದು ಅಂಗಡಿಯ ಮುಂದೆ ಹೋಗಿ ನಿಂತಳು.

"ನಾನು ನಿಮಗೇನು ಅನ್ಯಾಯ ಮಾಡಿದ್ದೆ? ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದ್ದೆ. ತನಿಖೆಗೆ ಬಂದವರ ಹತ್ರ ಎಲ್ಲಾ ಕೆಲಸ ಮಾಡ್ತಾಳೆ ಅಂದ್ರಂತೆ! ನನ್ನಮ್ಮನ ಬೆನ್ನು ಮುರಿದೀರಿ ನೀವು!"

"ತನಿಖೆಯವರಾ? ಟೀಚರ್, ಅವರು... ನಾನು..."

"ನಿಮ್ಮ ಮುಖ ಕೂಡ ನೋಡಲ್ಲ ನಾನು!"

ಅವಳು ಕಾಗದ ಎಸೆದು ಹೊರಟಳು. ಅವನು ಮಾತನಾಡಿಸಲು ಬಂದಾಗಲೆಲ್ಲ ಬಾಗಿಲು ಹಾಕಿಕೊಂಡಳು. ತಾಯಿಗೆ ನಡೆದದ್ದು ಅರ್ಥವಾಗಿತ್ತು. ಆದರೆ ತನ್ನ ಸುಳ್ಳಿನಿಂದಲೇ ಮಗಳ ಅನ್ನಕ್ಕೆ ಕಲ್ಲು ಬಿತ್ತೆಂದು ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ. ಮಗಳಿಗೆ ತಿಳಿಯದಂತೆ ಅಂಗಡಿಗೆ ಹೋಗಿ ಅತ್ತಳು.

"ಮೇಲ್ಮನವಿ ಹಾಕಿದ್ದೀವಿ ಕಣಪ್ಪಾ. ಗುರುವಾರ ವಿಚಾರಣೆ. ನನಗೆ ರಜ ಕೊಡಲ್ವಂತೆ."

"ನಾನು ಹೋಗ್ತೀನಮ್ಮಾ. ಕೆಡಿಸಿದವನೇ ಸರಿ ಮಾಡ್ತೀನಿ," ಎಂದ ಅವನು.

ವಿಚಾರಣೆಯ ಕೋಣೆಯಲ್ಲಿ ಮೇಜಿನ ಆಚೆ ಮೂವರಿದ್ದರು. ಅವರು ಅವಳ ಕಾಗದಗಳನ್ನು ತಿರುವಿ ಹಾಕುತ್ತಿದ್ದಾಗ ಬಾಗಿಲಲ್ಲಿ ಅವನು ಬಂದು ನಿಂತ.

"ಆ ಬೀಗ ರಿಪೇರಿಯವನು ನಾನೇ ಸಾರ್. ಆವತ್ತು ಸುಳ್ಳು ಹೇಳಿದ್ದೆ. ನಿಜ ಹೇಳೋಕೆ ಬಂದಿದ್ದೀನಿ."

ಅವಳು ಮುಖ ತಿರುಗಿಸಿದಳು.

"ಹೇಳಿ," ಎಂದರು ಅಧ್ಯಕ್ಷೆ.

"ಇವರಿಗೆ ಕೀಲಿ ತಿರುಗಿಸೋಕೆ ಆಗಲ್ಲ. ತಲೆ ಬಾಚ್ಕೊಳೋಕೆ ಆಗಲ್ಲ, ಅಮ್ಮ ಬಾಚ್ತಾರೆ. ನೀರಿನ ಲೋಟ ಎರಡು ಅಂಗೈ ಮಧ್ಯೆ ಒತ್ತಿ ಹಿಡೀತಾರೆ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತಗೋತಾರೆ... ನನ್ನ ಅಂಗಡಿ ಹತ್ರ ಬಂದಾಗ ಮಾತ್ರ ನೆಟ್ಟಗೆ ನಡೀತಾರೆ."

ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. 'ಎಲ್ಲಾ ನೋಡಿದ್ದಾನೆ! ಇಷ್ಟು ದಿನ, ಎಲ್ಲಾ...'

"ಮತ್ತೆ ಆವತ್ತು ಯಾಕೆ ಹಾಗಂದ್ರಿ?"

"ಗಂಡಿನ ಕಡೆಯವರು ಅಂದ್ಕೊಂಡೆ ಮೇಡಂ. ಸಂಬಂಧ ಬಂದಿದೆ ಅಂತ ಇವರ ತಾಯಿ ಹೇಳಿದ್ರು. ಕಾಯಿಲೆ ಅಂದ್ರೆ ಬೇಡ ಅಂದುಬಿಡ್ತಾರಲ್ಲ... ಅದಕ್ಕೆ ಹೊಗಳಿದೆ."

ಅವಳು ಬೆಚ್ಚಿ ಅವನತ್ತ ತಿರುಗಿದಳು. ಸಂಬಂಧ? ಅಮ್ಮ ಹಾಗೆ ಹೇಳಿದ್ದಳಾ?

"ಇವರ ಮದುವೆ ಆದ್ರೆ ನಿಮಗೇನ್ರೀ? ನೀವು ಇವರಿಗೇನಾಗಬೇಕು?"

ಅವನು ತಲೆ ತಗ್ಗಿಸಿದ. ಬರೀ ಕೆಳಗಿನ ಅಂಗಡಿಯವನು ಎಂದಿದ್ದರೆ ಮುಗಿಯುತ್ತಿತ್ತು! ಆದರೆ ಸುಳ್ಳು ಹೇಳಿ ಒಮ್ಮೆ ಅವಳ ಮನೆ ಮುಳುಗಿಸಿದ್ದ, ಇನ್ನೊಮ್ಮೆ ಹೇಳಲು ಅವನಿಗೆ ಭಯ.

"ಏನೂ ಆಗಬೇಕಿಲ್ಲ ಮೇಡಂ. ಪ್ರೀತಿಸ್ತೀನಿ, ಅಷ್ಟೇ. ಅವರಿಗೆ ಗೊತ್ತಿಲ್ಲ."

ಅವಳು ಕೇಳಿಸಿಕೊಂಡಳು. ಎಷ್ಟು ಕಾಲ ಕಾದಿದ್ದ ಮಾತು! ಅದು ಬಂದದ್ದು ಇಂಥ ಜಾಗದಲ್ಲಿ, ಇಂಥವರ ಮುಂದೆ...

ಮೂವರೂ ತಲೆ ಹತ್ತಿರ ತಂದು ಪಿಸುಗುಟ್ಟಿದರು. ಅಧ್ಯಕ್ಷೆ ಕನ್ನಡಕ ತೆಗೆದರು.

"ನೋಡಿ, ಆಗ ಒಂದು ಹೇಳಿದ್ರಿ, ಈಗ ಇನ್ನೊಂದು. ಪ್ರೀತಿ ಅಂತ ಬೇರೆ ನೀವೇ ಒಪ್ಕೊಂಡ್ರಿ. ಬೇಕಾದವರ ಸಾಕ್ಷಿ ನಾವು ತಗೊಳ್ಳೋಕಾಗಲ್ಲ. ಮೊದಲಿನ ವರದಿಯೇ ನಿಲ್ಲುತ್ತೆ. ಆರು ತಿಂಗಳಾದ ಮೇಲೆ ಹೊಸದಾಗಿ ಅರ್ಜಿ ಹಾಕಿ."

ಮುಗಿಯಿತು. ಗುಮಾಸ್ತ ಮುಂದಿನವರ ಹೆಸರು ಕೂಗಿದ.

ಹೊರಗಿನ ಬೆಂಚಿನ ಮೇಲೆ ಅವಳು ಕುಸಿದು ಕುಳಿತಳು. ನಾಳೆ ಅಮ್ಮ ಮತ್ತೆ ಆ ಪಾತ್ರೆಗಳ ಮುಂದೆ ಬಗ್ಗುತ್ತಾಳೆ. ನಾಡಿದ್ದೂ ಬಗ್ಗುತ್ತಾಳೆ. ಅಳು ಉಕ್ಕಿ ಬಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.

"ಹೊಗಳಿ ಒಂದು ಸಲ ಕೆಡಿಸಿದೆ. ನಿಜ ಹೇಳಿ ಇನ್ನೊಂದು ಸಲ. ಬೈರಿ ಟೀಚರ್, ಬಾಯಿಗೆ ಬಂದ ಹಾಗೆ ಬೈರಿ."

"ಬರೀ ಕೆಳಗಿನ ಅಂಗಡಿಯವನು ಅಂದಿದ್ರೆ ಆಗ್ತಿತ್ತಲ್ಲ..."

"ಆಗ್ತಿತ್ತು. ನನ್ನ ಬಾಯಿಗಿಷ್ಟು ಬೆಂಕಿ ಹಾಕ!"

ಅಳುವಿನ ನಡುವೆಯೂ ಅವಳಿಗೆ ನಗು ಬಂದುಬಿಟ್ಟಿತು. ನಗುವೂ ಅಳುವಾಗಿಯೇ ಮುಗಿಯಿತು.

"ಅರ್ಜಿ ವಿಷಯ ನನಗೊಂದು ಮಾತು ಹೇಳಿದ್ರೆ..."

"ನಿಮ್ಮ ಕಣ್ಣಿಗೆ ನಾನು ಚೆನ್ನಾಗಿ ಕಾಣಬೇಕಿತ್ತು," ಎಂದಳು ಅವಳು. "ನೀವೊಬ್ಬರ ಕಣ್ಣಿಗಾದ್ರೂ."

ಅವನು ಬೆಂಚಿನ ಮೇಲೆ ಅವಳ ಹತ್ತಿರಕ್ಕೆ ಸರಿದ.

"ಯೋಚನೆ ಮಾಡಿ. ನನ್ನ ಜೊತೆ ಬದುಕು ಅಂದ್ರೆ ಇದೇ. ಕ್ಯೂ, ಆಸ್ಪತ್ರೆ, ಅರ್ಜಿ. ಕೆಲವು ದಿನ ಎದ್ದು ಕೂರೋಕೂ ಆಗಲ್ಲ. ವಾಸಿಯಾಗೋ ಕಾಯಿಲೆ ಅಲ್ಲ ಇದು."

"ಗೊತ್ತು. ಈಗ ತಾನೇ ಮೂರು ಜನರ ಮುಂದೆ ಪಾಠ ಒಪ್ಪಿಸಿದೆನಲ್ಲ! ಮನಸ್ಸು ಬದಲಾಗಲಿಲ್ಲ ನೋಡಿ."

ಅವಳು ಶಾಲು ಸರಿಸಿ ಎರಡೂ ಕೈಗಳನ್ನು ಮಡಿಲ ಮೇಲೆ ಇಟ್ಟುಕೊಂಡಳು, ಊದಿದ ಗಂಟುಗಳು ಅವನಿಗೆ ಕಾಣುವ ಹಾಗೆ.

"ಅಮ್ಮನಿಗೆ ಏನು ಹೇಳೋದು?"

"ಇಬ್ಬರೂ ಸೇರಿ ಹೇಳೋಣ. ಆರು ತಿಂಗಳಿಗೆ ಮತ್ತೆ ಬರೋಣ. ಬೇಡ ಅಂದ್ರೆ ಮತ್ತೆ ಬರೋಣ."

ಅವನು ಎದ್ದ. ಅವಳು ಬೆಂಚು ಹಿಡಿದು ಏಳಲು ನೋಡಿದಳು. ಮಂಡಿ ಒಪ್ಪಲಿಲ್ಲ. ಇನ್ನೊಮ್ಮೆ ನೋಡಿದಳು. ಎಂದಿನಂತೆ 'ಚಪ್ಪಲಿ ಸಿಕ್ಕಿಕೊಂಡಿದೆ' ಎನ್ನುವ ನೆಪ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ನನಗೆ ಏಳೋಕೆ ಆಗ್ತಿಲ್ಲ," ಎಂದಳು.

ಕಾಯಿಲೆ ಬಂದಾಗಿನಿಂದ ಅಮ್ಮನನ್ನು ಬಿಟ್ಟು ಬೇರೆ ಯಾರಿಗೂ ಹೇಳದ ಮಾತು! ಅವನು ಗಡಿಬಿಡಿಯಿಂದ ಕೈ ಚಾಚಿ, ಅಲ್ಲೇ ತಡೆದ.

"ಎಲ್ಲಿ ಹಿಡಿದ್ರೆ ನೋವಾಗಲ್ಲ?"

"ಮೊಣಕೈ ಕೆಳಗೆ... ಮೆಲ್ಲಗೆ."

"ಹೀಗಾ?"

"ಹೂಂ... ಹೀಗೇ. ಬಿಡಬೇಡ."