ಹಿಂದ ಸಪ್ಪಳ ಎದ್ದೈತ್ರಿ

"ಅಪ್ಪಾ! ಬಾಗಿಲಿಗೆ ಕೈ ಹಚ್ಚಬ್ಯಾಡಾ!"

ಮಧುಮತಿ ಕಿರುಚಿದಳು. ಅಷ್ಟರಲ್ಲಿ ತಡವಾಗಿತ್ತು...

ಓಡುತ್ತಿದ್ದ ಕಾರಿನ ಬಾಗಿಲು ತೆರೆದುಕೊಂಡಿತು! ಗಾಳಿ ಒಳಗೆ ನುಗ್ಗಿತು! ಪಕ್ಕದ ಸೀಟಿನಲ್ಲಿದ್ದ ಅಪ್ಪ ದುರ್ಗಪ್ಪ ಹೊರಗೆ ವಾಲಿದ. ಒಂದು ಕೈಯಲ್ಲಿ ಅವನ ಅಂಗಿ ಹಿಡಿದೆಳೆದು, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಅವಳು ಬ್ರೇಕ್ ಒತ್ತಿದಳು.

ಕಿರ್ರ್ರ್...! ಹಿಂದೆ ಬರುತ್ತಿದ್ದ ಬೈಕು ಜಾರಿ, ಕಾರಿಗೆ ಗೇಣು ದೂರದಲ್ಲಿ ನಿಂತಿತು.

"ತಲಿ ಕೆಟ್ಟೈತೇನ್ರೀ? ನಡು ರಸ್ತ್ಯಾಗ ಹಿಂಗ ನಿಂದರಸ್ತಾರೇನು?" ಬೈಕಿನವನು ಕೂಗುತ್ತ ಬಂದ. ಬಂದವನು ಕಿಟಕಿಯೊಳಗೆ ಬಗ್ಗಿ ನೋಡಿದ.

ಮುದುಕ ಎರಡೂ ಕಿವಿ ಮುಚ್ಚಿಕೊಂಡು ನಡುಗುತ್ತಿದ್ದ. ಮಗಳು ಅವನಿಗಿಂತ ಹೆಚ್ಚು ನಡುಗುತ್ತಿದ್ದಳು.

"ಹಿಂದ... ಹಿಂದ..." ಎಂದ ದುರ್ಗಪ್ಪ.

"ಮನಿಗೇ ಹೋಗಾಕತ್ತೇವಪ್ಪಾ, ಹಿಂದ ಯಾಕ ಹೋಗೂದು?" ಎನ್ನುತ್ತ ಮಧುಮತಿ ಅತ್ತೇಬಿಟ್ಟಳು.

ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ದುರ್ಗಪ್ಪನ ಮಾತು ಹೋಗಿತ್ತು. ಮೂವತ್ತು ವರ್ಷ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಮಷೀನು ನೋಡಿಕೊಂಡವನು. ಈಗ ಉಳಿದಿದ್ದು ನಾಲ್ಕೈದು ಶಬ್ದ. ಕಾರು ಹತ್ತಿದರೆ ಮಾತ್ರ ಒಂದೇ ಶಬ್ದ... ಹಿಂದ!

ಧಾರವಾಡದ ಡಾಕ್ಟರ ಹತ್ತಿರ ವಾರಕ್ಕೊಮ್ಮೆ ಹೋಗಲೇಬೇಕು. ಬಸ್ ಹತ್ತಲು ಅವನಿಗಾಗದು. ಕಾರಿನಲ್ಲಿ ಹೋದರೆ ಹೀಗೆ. ಮುಂದಿನ ಸಲ ಅಂಗಿ ಕೈಗೆ ಸಿಗದಿದ್ದರೆ...?

ಅವಳು ಕೈ ಚಾಚಿ ಅಪ್ಪನ ಕಡೆಯ ಬಾಗಿಲನ್ನು ಎಳೆದು ಭದ್ರ ಮಾಡಿದಳು.

ಬೈಕಿನವನು ನೀರಿನ ಬಾಟಲಿ ಚಾಚಿದ. "ಕುಡೀರಿ ಮೇಡಂ. ಕಾಕಾಗ ಸಪ್ಪಳದ ಅಂಜಿಕಿ ಐತಿ ಅನಸ್ತೈತಿ. ನಿಮ್ಮ ಗಾಡಿ ಸಪ್ಪಳ ನಂಗ ಬೈಕಿನ ಮ್ಯಾಲೆ ಕೇಳತಿತ್ತು! ಇದು ಕಾರಲ್ರೀ, ಹಿಟ್ಟಿನ ಗಿರಣಿ!"

"ಹೊಸಾ ಗಾಡಿ ತಗೊಳ್ಳಾಕ ನಮ್ಮ ಕಡೆ ಆಗೂದಿಲ್ರಿ."

"ಹೊಸಾದು ಯಾಕ್ರಿ? ನಾ ಬಾಳೇಶ. ಹಳಿಯಾಳ ಬಸ್ ಸ್ಟ್ಯಾಂಡ್ ಬಾಜೂ ಸೀಟ್ ಕವರ್ ಅಂಗಡಿ ನಂದು. ತಗೊಂಡ ಬರ್ರಿ, ಕಡಿಮಿ ಖರ್ಚಿನ್ಯಾಗ ಸಪ್ಪಳ ಇಳಿಸಿ ಕೊಡ್ತೇನಿ."

ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಯಾರೋ "ಆಗ್ತೈತಿ" ಎಂದಿದ್ದರು...

ಆ ವಾರ ಅವಳು ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಒಳಗಿನಿಂದ ತೆರೆಯದಂತೆ ತಡೆಯುವ ಲಾಕ್ ಇಲ್ಲದ ಆ ಕಾರನ್ನು ಇಪ್ಪತ್ತರ ವೇಗದಲ್ಲಿ ಜೀವ ಕೈಯಲ್ಲಿ ಹಿಡಿದು ದಾಂಡೇಲಿಯಿಂದ ಹಳಿಯಾಳಕ್ಕೆ ತಂದಳು.

ಬಾಳೇಶ ಮೊದಲು ಗಾಲಿಯ ಗಾಳಿ ನೋಡಿದ. "ಯಾರ್ರೀ ಇಷ್ಟ ಗಾಳಿ ಹೊಡದಾರ? ಕಲ್ಲಾಗ್ಯಾವ!" ಎಂದು ಹೆಚ್ಚಿದ್ದನ್ನು ಬಿಟ್ಟ. ಬಾಗಿಲುಗಳ ಸವೆದ ರಬ್ಬರ್ ಕಿತ್ತು ಹೊಸದು ಕೂರಿಸಿದ. ಡಿಕ್ಕಿಯಲ್ಲಿ ಗಡಗಡ ಅನ್ನುತ್ತಿದ್ದ ಜಾಕಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ. ಮ್ಯಾಟ್ ಎತ್ತಿದರೆ ತಳದಲ್ಲಿ ನಾಲ್ಕು ತೂತು! ರಸ್ತೆಯೇ ಕಾಣುತ್ತಿತ್ತು. ರಬ್ಬರ್ ಬಿರಡೆಗಳಿಂದ ಅವನ್ನು ಮುಚ್ಚಿದ.

"ಈಗ ಅಸಲಿ ಮಾಲು! ಕಾಶೆವ್ವಾ, ತಾರ ಬೇ!"

ಕಾಶೆವ್ವ ಮಿಲ್ಲಿನಿಂದ ಹೊರಬಿದ್ದ ಹಳೇ ಫೆಲ್ಟ್ ಮಾರುವವಳು. ಹಸಿ ಕಾಗದದ ನೀರು ಹಿಂಡಲು ಮಷೀನಿನಲ್ಲಿ ಸುತ್ತುವ ದಪ್ಪ ಬಟ್ಟೆ ಅದು. ಊರಿನವರು ಅದನ್ನು ಹಾಸಿಗೆ ಮಾಡುತ್ತಾರೆ. ಬಾಳೇಶ ಕಾರಿನ ತಳಕ್ಕೆ ಹಾಸುತ್ತಾನೆ.

ದುರ್ಗಪ್ಪ ಆ ಬಟ್ಟೆಯನ್ನು ಮುಟ್ಟಿದ. ಮೂಸಿದ. ಕೆನ್ನೆಗೆ ಒತ್ತಿಕೊಂಡ. ಅವನ ಸೊಟ್ಟ ಬಾಯಲ್ಲಿ ನಗು!

"ಬಾಳೇಶ, ಅಪ್ಪ ನಕ್ಕ! ನೋಡ್ರಿ, ನಕ್ಕ!" ಖುಷಿಯಲ್ಲಿ ಮಧುಮತಿ ಬಾಳೇಶನ ತೋಳು ಹಿಡಿದುಬಿಟ್ಟಳು. ಮರುಕ್ಷಣ ಬಿಟ್ಟಳು...

"ಅಯ್ಯ, ಬಿಡ್ತೀ ಯಾಕ ತಂಗಿ? ಅಂವಾ ಏನ್ ಕರಗಿ ಹೋಗೂದಿಲ್ಲ!" ಕಾಶೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಬಾಳೇಶನ ಕಿವಿ ಕೆಂಪಾಯಿತು. ಮಧುಮತಿಯ ಎದೆಯ ಸಪ್ಪಳಕ್ಕೆ ಮಾತ್ರ ಯಾವ ಫೆಲ್ಟೂ ಸಾಲಲಿಲ್ಲ!

ಕೆಲಸ ಎರಡು ದಿನದ್ದು. ಅಪ್ಪ ಮಗಳು ಬಾಡಿಗೆ ಆಟೋ ಹಿಡಿದು ಊರಿಗೆ ಮರಳಿದರು. ಮರುದಿನ ಸಂಜೆ ಬಾಳೇಶನೇ ಕಾರನ್ನು ದಾಂಡೇಲಿಗೆ ತಂದು ಮನೆಗೆ ಮುಟ್ಟಿಸಿದ. "ನಾಳಿ ಧಾರವಾಡಕ್ಕ ಹೋಗುಮುಂದ ಅಂಗಡಿ ಮುಂದ ನಿಂದರ್ರಿ. ಚಾ ಕುಡದ ಹೋಗೂಣು," ಎಂದ.

'ಹೋಗೂಣು' ಅಂದ, ತಾನೂ ಜೊತೆಗೆ ಬರುವವನಂತೆ! 'ಹೋಗ್ರಿ' ಅನ್ನಲಿಲ್ಲ! ಆ ರಾತ್ರಿ ಅವಳಿಗೆ ಅದೊಂದೇ ಶಬ್ದ ಸಾಕಾಯಿತು.

ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಅವನ ದನಿ. ಗಾಳಿಯಲ್ಲಿ ಹರಿದು ಹರಿದು ಬಂತು.

"ಮಧುಮತಿಯವ್ರ... ಹಿಂದ ಸಪ್ಪಳ ಎದ್ದೈತ್ರಿ... ನಂಗ ನಿನ್ನೇನ ಸಂಶೆ ಬಂದಿತ್ತು... ಮುಬಾರಕನೂ ಹಂಗ ಅಂದಾ... ಇವತ್ತ ಬರಬ್ಯಾಡ್ರಿ..."

ಅಷ್ಟೇ. ಮುಂದೆ ಬರೀ ಗುಂಯ್ ಎನ್ನುವ ಗಾಳಿ.

ಮಧುಮತಿ ಫೋನನ್ನೇ ನೋಡಿದಳು. ಹಿಂದ ಸಪ್ಪಳ ಎದ್ದೈತಿ... ಅಂದರೆ ಬೆನ್ನ ಹಿಂದೆ ಮಂದಿ ಮಾತಾಡಿಕೊಳ್ಳುತ್ತಿದ್ದಾರೆ! ಕಾಶೆವ್ವ ಎಲ್ಲ ಕಡೆ ಹೇಳಿರಬೇಕು. ಬಾಳೇಶನ ಅಂಗಡಿ ಪಕ್ಕದ ಗ್ಯಾರೇಜಿನ ಮುಬಾರಕ ಮೇಸ್ತ್ರಿಯೂ ಆಡಿಕೊಂಡಿರಬೇಕು. ಅದಕ್ಕೇ ಇವನು ಅಂಜಿದ. ತೋಳು ಹಿಡಿದಿದ್ದು ತನ್ನದೇ ತಪ್ಪು...

'ಇಷ್ಟಕ್ಕ ಅಂಜಾವಾ... ನಂಗ ಧೈರ್ಯ ಹೇಳಿದ್ಯಾಕ?'

ಫೋನು ಬಂದ್ ಮಾಡಿದಳು. ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದಳು. ಧಾರವಾಡಕ್ಕಂತೂ ಹೋಗಲೇಬೇಕಿತ್ತು. ಅವನ ಅಂಗಡಿಯ ಕಡೆ ತಿರುಗಿಯೂ ನೋಡಬಾರದು!

ಕಾಡು ಶುರುವಾಯಿತು. ಕಾರಿನಲ್ಲಿ ಎಂಥ ಮೌನ! ಅಪ್ಪನ ಉಸಿರು ಕೇಳುತ್ತಿತ್ತು. ತನ್ನ ಬಿಕ್ಕೂ ಕೇಳುತ್ತಿತ್ತು.

ಹಾಗೆಯೇ... ಇನ್ನೊಂದು.

ಊಂ... ಊಂ... ಊಂ...

ಅವಳು ಕಿವಿಗೊಟ್ಟಳು. ವೇಗ ಹೆಚ್ಚಿಸಿದರೆ ಅದೂ ಹೆಚ್ಚುತ್ತಿತ್ತು. ಕಾಡಿನಿಂದಲ್ಲ. ರಸ್ತೆಯದ್ದಲ್ಲ. ಬೆನ್ನ ಹಿಂದಿನಿಂದ, ಎಡಗಡೆಯ ಗಾಲಿಯಿಂದ...

ಗರ್ರ್... ಗರ್ರ್ರ್...

"ಹಿಂದ!" ದುರ್ಗಪ್ಪ ಸೆಟೆದು ಕುಳಿತ. "ಹಿಂದ! ಹಿಂದ!"

ಅವನ ಕೈ ಬಾಗಿಲಿನ ಹಿಡಿಕೆಗೆ ಹೋಯಿತು. ಆದರೆ ಈ ಸಲ ಅವಳು ಕಿರುಚಲಿಲ್ಲ... ಅವನ ಇನ್ನೊಂದು ಕೈಯನ್ನು ನೋಡಿದಳು. ನಡುಗುವ ತೋರುಬೆರಳು ಗಾಳಿಯಲ್ಲಿ ದುಂಡಗೆ ತಿರುಗುತ್ತಿತ್ತು. ಮತ್ತೆ ದುಂಡಗೆ. ಮತ್ತೆ.

ಗಾಲಿ!

ಹಿಂದಕ್ಕೆ ತಿರುಗಿಸು ಎಂದಲ್ಲ! ಹಿಂದಿನ ಗಾಲಿ ನೋಡು ಎಂದು! ಇಷ್ಟು ದಿನ ಅವನು ಅಂಜಿದ್ದು ರಸ್ತೆಯ ಸಪ್ಪಳಕ್ಕಲ್ಲ, ಅದರ ಕೆಳಗೆ ಅಡಗಿದ್ದ ಈ ಸಪ್ಪಳಕ್ಕೆ! ಮೂವತ್ತು ವರ್ಷ ಮಷೀನಿನ ಮಗ್ಗುಲಲ್ಲಿ ನಿಂತ ಕಿವಿಗೆ ಅದು ಮೊದಲೇ ಕೇಳಿತ್ತು.

ಹಾಗಾದರೆ... ಹಿಂದ ಸಪ್ಪಳ ಎದ್ದೈತಿ ಎಂದ ಬಾಳೇಶ...?

"ದೇವರೇ!"

ಮೆಲ್ಲಗೆ ಬ್ರೇಕ್ ಒತ್ತಿ ಕಾರನ್ನು ಪಕ್ಕಕ್ಕೆ ತಂದಳು. ನಿಂತಾಗ ಎಡಗಡೆಯ ಹಿಂದಿನ ಗಾಲಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಇನ್ನೂ ಸ್ವಲ್ಪ ಹೋಗಿದ್ದರೆ...

ಅಪ್ಪನ ಎದೆಗೆ ತಲೆಯಿಟ್ಟು ಅತ್ತಳು. "ನೀ ಹೇಳತಿದ್ದಿ... ನಂಗ ತಿಳೀಲಿಲ್ಲಪ್ಪಾ!"

ಎದುರಿನ ತಿರುವಿನಲ್ಲಿ ಬೈಕೊಂದು ಹುಚ್ಚು ವೇಗದಲ್ಲಿ ಬಂತು. ಬಾಳೇಶ! ಇಳಿದವನು ಮೊದಲು ನೋಡಿದ್ದು ಗಾಲಿಯನ್ನಲ್ಲ, ಅವಳನ್ನು.

"ಫೋನ್ ಯಾಕ ಬಂದ್ ಮಾಡೀರಿ? ಹಿಂದಿನ ಗಾಲಿ ಬೇರಿಂಗ್ ಹೋಗೇತ್ರಿ, ಗಾಡಿ ತರಬ್ಯಾಡ್ರಿ ಅಂತ ಎಷ್ಟ ಸಲ ಹಚ್ಚಿದ್ನಿ!" ಎಂದ. "ನಿನ್ನಿ ಗಾಡಿ ಹೊಡಕೊಂಡ ಬರುಮುಂದ ಸಣ್ಣಂಗ ಕೇಳ್ತು. ಟೈರ್‌ದ ಇರಬೇಕಂತ ಬಿಟ್ಟ್ನಿ. ತಪ್ಪು ನಂದ. ಬೆಳಿಗ್ಗೆ ನಾ ಹೇಳಿದ್ದ ಕೇಳಿ ಮುಬಾರಕ ಗಾಬರಿ ಆದಾ... ನಿಮಗ ಏನಾರ ಆಗಿದ್ರ ನಾ..."

ಅವನು ಜೇಬಿನಿಂದ ಹೊಸ ಬೇರಿಂಗಿನ ಡಬ್ಬಿ ತೆಗೆದು ಕಾರಿನ ಮೇಲಿಟ್ಟ.

"ಹಿಂದ ಸಪ್ಪಳ ಅಂದ್ರ..." ಮಧುಮತಿ ತಲೆ ತಗ್ಗಿಸಿದಳು. "ಮಂದಿ ನಮ್ಮ ಬಗ್ಗೆ ಮಾತಾಡ್ತಾರ ಅಂತ ತಿಳಕೊಂಡ್ನಿ. ನೀವು ಅಂಜೀರಿ ಅಂತ..."

ಬಾಳೇಶ ಕಣ್ಣೊರೆಸಿಕೊಂಡು ನಕ್ಕ. "ಆ ಸಪ್ಪಳಾನೂ ಎದ್ದೈತ್ರಿ. ಕಾಶೆವ್ವ ಬಿಡ್ತಾಳೇನು?"

"ಹಂಗಾರ ಅದನ್ನೂ ಬಂದ್ ಮಾಡ್ರಿ. ನಿಮ್ಮ ಕೆಲಸಾನ ಅದಲ್ಲಾ?"

"ಅದೊಂದು ಆಗೂದಿಲ್ಲ ಮಧುಮತಿ." ಮೊದಲ ಸಲ 'ಅವ್ರ' ಇಲ್ಲದೆ ಕರೆದ. "ಅದು ಖರೇ ಐತಿ. ನನ್ನ ಮುಂದ ನೀವು ಬ್ರೇಕ್ ಒತ್ತಿದ ದಿವಸದಿಂದ ಖರೇ ಐತಿ... ನಿಮಗ?"

ಈ ಸಲ ಅವಳು ಅವನ ತೋಳು ಹಿಡಿದಳು. ಬಿಡಲಿಲ್ಲ.

ಕಾರಿನೊಳಗಿಂದ ದುರ್ಗಪ್ಪ ಗಂಟಲು ಸರಿಮಾಡಿಕೊಂಡ. ಇಬ್ಬರೂ ಗಾಬರಿಯಾಗಿ ತಿರುಗಿದರು.

ಕಾಲ ಕೆಳಗಿನ ಫೆಲ್ಟಿನ ತುದಿ ಸವರುತ್ತ ಅವನು ಬಾಯಿ ತೆರೆದ. ತುಟಿ ಒದ್ದಾಡಿತು. ಅವರು ಕಾದರು.

"ಮುಂ... ಮುಂದ..."

"ಏನಪ್ಪಾ?"

"ಮುಂದ," ಎಂದ ಅಪ್ಪ, ಇಬ್ಬರನ್ನೂ ನೋಡಿ ನಗುತ್ತ.

"ಹೋಗೂಣು ಕಾಕಾ," ಎಂದು ಬಾಳೇಶ ಸೈಕಲ್ ಟ್ಯೂಬ್ ಸುತ್ತಿದ ಜಾಕಿಯನ್ನು ಡಿಕ್ಕಿಯಿಂದ ಎಳೆದ. "ಮೊದಲ ಗಾಲಿ ಬಿಚ್ಚೂಣು."