ಬರ್ತೀನಿ ಅಂದವಳು

ಬಹಳ ಹಿಂದೆ, ಬಡಗಣ ದಿಕ್ಕಿನ ಹಾದಿಗಳೆಲ್ಲ ಹಿಮದಲ್ಲಿ ಮುಗಿದುಹೋಗುವ ಕಡೆ, ಮಂಜಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಮಣ್ಣಿಗೊಂದು ಗುಣವಿತ್ತು. ಹೊರಡುವಾಗ ಆಡಿದ ಮಾತು ಅಲ್ಲಿ ನಡೆದೇ ತೀರುತ್ತಿತ್ತು. ಅದಕ್ಕೇ ಯಾರೂ ‘ಹೋಗ್ತೀನಿ’ ಅನ್ನುತ್ತಿರಲಿಲ್ಲ, ‘ಬರ್ತೀನಿ’ ಅನ್ನುತ್ತಿದ್ದರು. ಹಿಂದೊಮ್ಮೆ ಅಳಿಯನೊಬ್ಬ ಮಾವನ ಮೇಲೆ ಮುನಿಸಿಕೊಂಡು ‘ಹೋಗ್ತೀನಿ’ ಅಂದುಬಿಟ್ಟನಂತೆ. ಚಪ್ಪಲಿ ಮರೆತೆನೆಂದು ತಿರುಗಿ ನೋಡಿದರೆ ಮನೆಯೂ ಇಲ್ಲ, ಊರೂ ಇಲ್ಲ!

ಅಲ್ಲಿನ ಅರಮನೆಯ ಹೂದೋಟ ನೋಡಿಕೊಳ್ಳುತ್ತಿದ್ದವನು ಓಬಳ. ಎಲೆ ಉದುರುವ ಕಾಲದಲ್ಲಿ ಹೂವಿನ ಗೆಡ್ಡೆಗಳನ್ನು ನೆಡುವುದು, ಹಿಮ ಕರಗಿದ ಮೇಲೆ ಮೊಳಕೆ ಕಾಯುವುದು, ಬೇಸಿಗೆಯಲ್ಲಿ ಕಳೆ ಕೀಳುವುದು ಅವನ ಕೆಲಸ. ತಾಯಿತಂದೆ ಇಲ್ಲದ ಅವನಿಗೆ ತಂಗಿ ಹೊನ್ನಾಜಿ ಒಬ್ಬಳೇ ದಿಕ್ಕು.

ಹೀಗಿರಲು, ಒಂದು ಎಲೆ ಉದುರುವ ಕಾಲದಲ್ಲಿ ಮರಳುಗಾಡಿನ ಸೀಮೆಯಿಂದ ಕೆಂಡಾಕ್ಷನೆಂಬ ಮಾಂತ್ರಿಕ ಬಂದ. ಹೊನ್ನಾಜಿಯನ್ನು ಕಂಡವನೇ ಮದುವೆಯಾಗೆಂದ. ಅವಳು ಕಿಸಕ್ಕನೆ ನಕ್ಕಳು.

“ಗಡ್ಡದಲ್ಲಿ ಹೊಗೆ ಬರ್ತಿದೆಯಲ್ಲಯ್ಯಾ! ಮೊದಲು ಅದನ್ನ ಆರಿಸ್ಕೋ.”

ಮಾಂತ್ರಿಕ ಸಿಟ್ಟಿನಿಂದ ಹಿಡಿ ಬೂದಿ ಎರಚಿದ. ಓಬಳನ ಕಣ್ಣೆದುರೇ ತಂಗಿ ಕುಗ್ಗಿದಳು, ಇನ್ನೂ ಕುಗ್ಗಿದಳು, ಮುಷ್ಟಿಯಷ್ಟಾದಳು. “ಬರ್ತೀನಿ ಅಣ್ಣಾ” ಎಂಬ ಸಣ್ಣ ದನಿ ಕೇಳಿತು. ಆಮೇಲೆ ನೋಡಿದರೆ ನೆಲದ ಮೇಲೆ ಈರುಳ್ಳಿಯಂಥ ಒಂದು ಗೆಡ್ಡೆ!

“ಇದು ಹೂ ಬಿಟ್ಟ ದಿನ ಇವಳು ಮತ್ತೆ ಹೆಣ್ಣಾಗ್ತಾಳೆ. ಮೂರು ವಸಂತದಲ್ಲಿ ಹೂ ಬಿಡದಿದ್ರೆ ನನ್ನವಳು” ಎಂದು ಮಾಂತ್ರಿಕ ಹೊಗೆಯಾಗಿ ಮಾಯವಾದ.

ಓಬಳನಿಗೆ ಸಿಡಿಲು ಬಡಿದಂತಾಯಿತು. ಗೆಡ್ಡೆಯನ್ನು ಎದೆಗವಚಿಕೊಂಡು ಕೂತೇ ಇದ್ದ. ಆಗ ಇದ್ದಿಲು ಮಾರುವ ಅಜ್ಜನೊಬ್ಬ ಬಂದ. ಮೂಗಿನವರೆಗೂ ಶಾಲು ಸುತ್ತಿಕೊಂಡಿದ್ದ.

“ಚಳಿಗೆ ಸತ್ತೋದಾಳು ಮಗಾ. ಬೆಂಕಿ ಹತ್ರ ಬೆಚ್ಚಗಿಡು” ಎಂದು ಒಂದು ಬುಟ್ಟಿ ಇದ್ದಿಲನ್ನು ಪುಕ್ಕಟೆ ಕೊಟ್ಟ.

ಓಬಳ ಹಾಗೇ ಮಾಡಿದ. ತೋಟದ ಗೆಡ್ಡೆಗಳನ್ನೆಲ್ಲ ಎಂದಿನಂತೆ ಮಣ್ಣಿಗೆ ಹಾಕಿದ, ತಂಗಿಯನ್ನು ಮಾತ್ರ ಮಣ್ಣಿನ ಕುಂಡದಲ್ಲಿಟ್ಟು ಅಗ್ಗಿಷ್ಟಿಕೆಯ ಪಕ್ಕದಲ್ಲಿ ಕೂರಿಸಿದ. ವಸಂತ ಬಂತು. ಗೆಡ್ಡೆಯಲ್ಲಿ ಎಲೆ ಬಂತು, ಹೂ ಬರಲಿಲ್ಲ.

ಎರಡನೆಯ ಚಳಿಗಾಲಕ್ಕೂ ಅಜ್ಜ ಬಂದ. “ಶಾಖ ಸಾಲಲಿಲ್ಲ ಕಣಪ್ಪಾ” ಎಂದು ಎರಡು ಬುಟ್ಟಿ ಕೊಟ್ಟ. ಓಬಳ ಕುಂಡಕ್ಕೆ ತನ್ನ ಕಂಬಳಿಯನ್ನೇ ಹೊದಿಸಿ ತಾನು ನಡುಗುತ್ತಾ ಮಲಗಿದ. ವಸಂತ ಬಂತು. ಎಲೆಯೂ ಹಳದಿಯಾಯಿತು, ಗೆಡ್ಡೆ ನೆಲ್ಲಿಕಾಯಷ್ಟಾಗಿತ್ತು. ಓಬಳ ಗೊಳೋ ಎಂದು ಅತ್ತ.

ಅಳುತ್ತಾ ಹಿತ್ತಿಲಿಗೆ ಬಂದವನು ಅಲ್ಲೇ ಕಲ್ಲಾಗಿ ನಿಂತ. ಹೋದ ವರ್ಷ ಕೆಲಸಕ್ಕೆ ಬಾರದೆಂದು ಅವನೇ ತಿಪ್ಪೆಗೆ ಎಸೆದಿದ್ದ ಗೆಡ್ಡೆಯೊಂದು, ಇಡೀ ಚಳಿಗಾಲ ಹಿಮದಡಿ ಬಿದ್ದಿದ್ದು, ಈಗ ಕೆಂಪಗೆ ಹೂ ಬಿಟ್ಟು ನಿಂತಿತ್ತು!

“ಅಯ್ಯೋ ನನ್ನ ಬುದ್ಧಿಗಿಷ್ಟು! ಊರ ಗೆಡ್ಡೆಗೆಲ್ಲ ಚಳಿ ಬೇಕು, ನನ್ನ ತಂಗಿಗೆ ಮಾತ್ರ ಬೆಂಕಿಯೇ?” ಎಂದು ಹಣೆ ಚಚ್ಚಿಕೊಂಡ.

ಮೂರನೆಯ ಸಲ ಎಲೆ ಉದುರುವ ಕಾಲ ಬಂತು. ಓಬಳ ತೋಟದಲ್ಲಿ ಗುಳಿ ತೋಡಿದ. ಊರಿಗೆ ಊರೇ ಹೌಹಾರಿತು. ರಾಜನೂ ಬರಿಗಾಲಲ್ಲಿ ಓಡಿಬಂದ.

“ಓಬಳಾ! ಜೀವ ಇರೋ ತಂಗೀನ ಮಣ್ಣು ಮಾಡ್ತೀಯೇನೋ?”

“ಮಣ್ಣು ಮಾಡ್ತಿಲ್ಲ ಬುದ್ಧಿ, ನೆಡ್ತಿದೀನಿ” ಎಂದ ಓಬಳ.

ಹಿಮ ಬಿತ್ತು, ಗುಳಿ ಮುಚ್ಚಿತು. ಈ ಸಲ ಓಬಳ ಇದ್ದಿಲು ಬೇಡವೆಂದ. ಅಜ್ಜ ಬುಟ್ಟಿ ಹೊತ್ತು ಹೊರಟ. ನಡು ಚಳಿಗಾಲದ ಒಂದು ಹಗಲು ಹಿಮದೊಳಗಿಂದ ದನಿ ಕೇಳಿತು.

“ಅಣ್ಣಾ, ಚಳಿ.”

ಹೊನ್ನಾಜಿಯದೇ ದನಿ! ಓಬಳನ ಎದೆ ಧಸಕ್ಕೆಂದಿತು. ಆದರೂ ಹಲ್ಲು ಕಚ್ಚಿಕೊಂಡು ಗುದ್ದಲಿ ಮುಟ್ಟಲಿಲ್ಲ.

“ಅಣ್ಣಾ, ಕೈಕಾಲು ಮರಗಟ್ಟಿವೆ. ಅಗೆದು ತೆಗಿ.”

ಓಬಳ ಗುದ್ದಲಿ ಹಿಡಿದ. ಎತ್ತಿದ.

“ತೆಗಿಯೋದಿಲ್ವಾ? ಹಾಗಾದ್ರೆ ನಾನು ಹೋಗ್ತೀನಿ ಅಣ್ಣಾ, ಹೋಗ್ತೀನಿ!”

ಎತ್ತಿದ ಗುದ್ದಲಿ ಗಾಳಿಯಲ್ಲೇ ನಿಂತಿತು. ಹುಟ್ಟಿದಾಗಿನಿಂದ ಆ ಮಾತನ್ನು ನಾಲಿಗೆ ಮೇಲೆ ತಾರದವಳು ಅವನ ತಂಗಿ.

“ಯಾರೋ ನೀನು?” ಎಂದು ಗುಡುಗಿದ.

ಬೇಲಿಯ ಹಿಂದೆ ಬಚ್ಚಿಟ್ಟುಕೊಂಡಿದ್ದ ಇದ್ದಿಲಜ್ಜ ಬೆಚ್ಚಿಬಿದ್ದ. ಶಾಲು ಜಾರಿತು. ಗಡ್ಡದಿಂದ ಬುಸಬುಸನೆ ಹೊಗೆ! ಎರಡು ವರ್ಷ ಅಜ್ಜಾ ಅಜ್ಜಾ ಎಂದು ಕೈಮುಗಿದದ್ದು ಕೆಂಡಾಕ್ಷನಿಗೇ ಎಂದು ತಿಳಿದು ಓಬಳನ ಮೈ ಜುಮ್ಮೆಂದಿತು.

ಪರಸೀಮೆಯ ಮಾಂತ್ರಿಕನಿಗೆ ಮಂತ್ರವೆಲ್ಲ ಗೊತ್ತಿತ್ತು, ಆ ಊರ ಮಾತಿನ ಪದ್ಧತಿ ಗೊತ್ತಿರಲಿಲ್ಲ. ಹೊನ್ನಾಜಿಯ ದನಿಯಲ್ಲಿ ಅವನಾಡಿದ ‘ಹೋಗ್ತೀನಿ’ಯನ್ನು ನೆಲ ಹಿಡಿದುಕೊಂಡಿತು. ಅವನ ಕಾಲುಗಳು ತಾವಾಗೇ ಹಿಂದಕ್ಕೆ ಜಾರಿದವು. ತೋಟ ದಾಟಿ, ಕೋಟೆ ದಾಟಿ, ಗಡಿ ದಾಟಿ ಜಾರುತ್ತಾ ಹೋದ. “ಬರ್ತೀನಿ! ಬರ್ತೀನಿ ಅಂತ ಹೇಳಿದ್ದು!” ಎಂದು ತಡವಾಗಿ ತಪ್ಪು ಹೊಳೆದು ಅರಚಿಕೊಂಡ. ನೆಲ ಒಪ್ಪಲಿಲ್ಲ.

ವಸಂತ ಬಂತು. ತೋಟವೆಲ್ಲ ಹೂವಾಯಿತು, ತಂಗಿಯ ಗುಳಿ ಮಾತ್ರ ಬರಿದಾಗಿತ್ತು. ಓಬಳನ ಜೀವ ಬಾಯಿಗೆ ಬಂತು. ಬೇರೆ ಹೂಗಳು ಉದುರತೊಡಗಿದ ಮೇಲೆ ಅಲ್ಲೊಂದು ಹಸಿರು ಮೂತಿ ಕಂಡಿತು. ಅದು ನೋಡನೋಡುತ್ತ ಬೆಳೆಯಿತು, ಮೊಗ್ಗಾಯಿತು, ಬಿರಿಯಿತು. ಹೂವಿದ್ದಲ್ಲಿ ಹೊನ್ನಾಜಿ ಕೆನ್ನೆಯ ಮಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು.

“ಬಂದೆ ಅಣ್ಣಾ” ಎಂದಳು.

ಓಬಳ ಬಿಕ್ಕುತ್ತ, “ಚಳಿಯಲ್ಲಿ ಬಹಳ ಕಷ್ಟ ಆಯ್ತಾ ಪುಟ್ಟೀ?” ಎಂದು ಕೇಳಿದ.

“ಎಲ್ಲಿ ಕಷ್ಟ! ಹಾಯಾಗಿ ನಿದ್ದೆ ಮಾಡಿದೆ. ಬೆಂಕಿ ಹತ್ರ ಎರಡು ವರ್ಷ ಕಣ್ಣೇ ಮುಚ್ಚೋಕಾಗಿರ್ಲಿಲ್ಲ. ನೀನು ಎಷ್ಟು ಚೆನ್ನಾಗಿ ನೋಡ್ಕೋತಿದ್ದೆ ಅಂದ್ರೆ, ಮಲಗೋದಕ್ಕೇ ಬಿಡ್ಲಿಲ್ಲ!”

ಓಬಳ ಕಣ್ಣೊರೆಸಿಕೊಂಡ. ಆಮೇಲೆ ನಕ್ಕ, ತಂಗಿಯೂ ನಕ್ಕಳು, ಸುದ್ದಿ ಕೇಳಿ ಓಡಿಬಂದ ರಾಜನೂ ನಕ್ಕ. ಅಂದಿನಿಂದ ಮಂಜಿನಕೋಟೆಯಲ್ಲಿ ಚಳಿಗಾಲವನ್ನು ಯಾರೂ ಬೈಯಲಿಲ್ಲ. ಹಿಮ ಕರಗಿ ಹೊರಡುವಾಗ ಜನ ಬಾಗಿಲಿಗೆ ಬಂದು ‘ಹೋಗಿ ಬಾ’ ಎಂದು ಕಳಿಸಿಕೊಡುತ್ತಿದ್ದರು. ಅದು ತಪ್ಪದೆ ಬರುತ್ತಿತ್ತು, ಅದರ ಹಿಂದೆಯೇ ಹೂವೂ ಬರುತ್ತಿತ್ತು, ಅಣ್ಣತಂಗಿ ಸುಖವಾಗಿದ್ದರು.