ಜೋಡಿ ಮಾಡದ ಜರ್ಬಿಲ್

ಮಸ್ಕಿಯಿಂದ ಸಿಂಧನೂರಿನವರೆಗೂ ನಂದಿನಿ ಆ ಚಪ್ಪಲಿ ಡಬ್ಬವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದಳು. ಒಳಗೊಂದು ಜರ್ಬಿಲ್. ಇಲಿಯಂಥದೇ ಪ್ರಾಣಿ, ಆದರೆ ರೇಷ್ಮೆಯಂಥ ಕಂದು ಮೈ, ಬಾಲದ ತುದಿಗೆ ಕೂದಲಿನ ಕುಚ್ಚು. ತಿಂಗಳ ಹಿಂದೆ ಸಿಂಧನೂರಿನ ಈ ಮನೆಯಿಂದಲೇ ಕೊಂಡದ್ದು.

ಬಾಗಿಲು ತೆರೆದವನು ಸಿದ್ದರಾಮ. ಹಗಲು ಲ್ಯಾಬ್ ಟೆಕ್ನೀಷಿಯನ್. ಉಳಿದ ಹೊತ್ತೆಲ್ಲ ಮಹಡಿಯ ಕೋಣೆಯಲ್ಲಿ ಜರ್ಬಿಲ್ ಸಾಕಿ, ಮರಿ ಮಾಡಿಸಿ ಮಾರುತ್ತಿದ್ದ.

“ಕೈಯಾಗ ತಗೊಂಡ್ರ ನಡುಗ್ತದ ರೀ,” ಎಂದಳು.

ಅವನು ಅದನ್ನು ಅಂಗೈಗೆ ತೆಗೆದುಕೊಂಡ. ಪುಟ್ಟ ಮೈ ಸೆಟೆದು, ಕಿವಿಗಳು ಹಿಂದಕ್ಕೆ ಅಂಟಿ, ಗಡಗಡ ನಡುಗಿತು. ನಡುಕ ನಿಲ್ಲುವವರೆಗೂ ಅವನು ಉಸಿರು ಬಿಗಿಹಿಡಿದು ಕಾದ. ನಂದಿನಿ ಪ್ರಾಣಿಯನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

“ಫಿಟ್ಸ್ ರೀ. ರಕ್ತದಾಗ ಬರ್ತದ. ಬ್ಯಾರೆ ಮರಿ ಕೊಡ್ತೀನಿ.”

“ಮತ್ತ ಇದನ್ನ?”

“ಇಲ್ಲೇ ಇರ್ತದ, ಸಾಯೂತನಕ. ಜೋಡಿ ಮಾತ್ರ ಮಾಡಂಗಿಲ್ಲ.”

“ಬ್ಯಾಡ. ನನಗ ಇದಾ ಬೇಕು,” ಎಂದು ಅವಳು ಕಸಿದುಕೊಂಡಂತೆ ತೆಗೆದುಕೊಂಡು ಮೆಟ್ಟಿಲಿಳಿದಳು.

ಅವಳಿಗೇಕೆ ಸಿಟ್ಟು ಬಂತೆಂದು ಅವನಿಗೆ ತಿಳಿಯಲಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಅವಳಿಗೆ ಮೂರ್ಛೆರೋಗ. ದಿನಕ್ಕೆರಡು ಮಾತ್ರೆ. ಲಿಂಗಸುಗೂರಿನ ಸಂಬಂಧವೊಂದು ಆ ಮಾತ್ರೆಗಳು ಕಣ್ಣಿಗೆ ಬಿದ್ದ ದಿನವೇ ಮುರಿದಿತ್ತು. ಅಂದಿನಿಂದ ತಾಯಿ ಗದ್ದೆಮ್ಮ ಅವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು.

ಮೂರನೇ ದಿನ, ಮಸ್ಕಿಯಲ್ಲಿ ಅವಳು ಕೆಲಸ ಮಾಡುವ ಝೆರಾಕ್ಸ್ ಅಂಗಡಿಗೆ ಸಿದ್ದರಾಮನೇ ಬಂದ. ಕೈಯಲ್ಲಿ ಇನ್ನೊಂದು ಡಬ್ಬ.

“ಒಂದಾ ಇದ್ರ ಸೊರಗ್ತದ ರೀ. ಅದರ ತಂಗೀನ ತಂದೀನಿ. ಆ ತಳೀನಾ ನಿಲ್ಲಿಸೀನಿ. ಗಂಡು ಹೆಣ್ಣು ಬ್ಯಾರೆ ಬ್ಯಾರೆ ಇಟ್ಟೀನಿ, ಮಾರಾಂಗೂ ಇಲ್ಲ.”

“ಮತ್ತ ಸುಮ್ನ ಯಾಕ ಸಾಕ್ತೀರಿ?”

“ನಿಮ್ಮಂಥೋರು ಬೈಯಾಕ ಬರ್ತಾರಲ್ಲ, ಅದಕ್ಕ.”

ಅವಳು ಪ್ರಿಂಟರ್ ಕಡೆ ತಿರುಗಿ ನಕ್ಕಳು. ತಿರುಗಿದರೂ ಅವನಿಗೆ ಕಂಡಿತು.

ಆಮೇಲೆ ಭಾನುವಾರಗಳೆಲ್ಲ ಆ ಮಹಡಿಯ ಕೋಣೆಯಲ್ಲೇ ಕಳೆದವು. ಮರಳಿನಲ್ಲಿ ಹೊರಳಿ ಅವು ಮೈ ತೊಳೆದುಕೊಳ್ಳುವುದನ್ನು ತೋರಿಸಿದ. ಕೆಂಪಗೆ ಬೆರಳ ತುದಿಯಷ್ಟಿದ್ದ ಮರಿಗಳನ್ನು ತೋರಿಸಿದ. “ಬಾಲ ಹಿಡೀಬ್ಯಾಡ್ರಿ, ಚರ್ಮ ಕಿತ್ತು ಬರ್ತದ,” ಎಂದು ಅವಳ ಮಣಿಕಟ್ಟು ಹಿಡಿದವನು, ಬಿಡುವುದನ್ನು ಮರೆತ.

“ಇದು ಬಾಲಲ್ಲ ರೀ, ಕೈ,” ಎಂದಳು ನಂದಿನಿ. ಅವಳೂ ಬಿಡಿಸಿಕೊಳ್ಳಲಿಲ್ಲ.

ಅವನು ಮದುವೆಯ ಮಾತೆತ್ತಿದ ದಿನ ಅವಳು ಎಲ್ಲವನ್ನೂ ಹೇಳಿಬಿಟ್ಟಳು.

“ಮಕ್ಕಳಿಗೂ ಬರ್ತದೇನು?” ಸಿದ್ದರಾಮನ ಮೊದಲ ಮಾತು ಅದು.

“ಬರಬಹುದು, ಬರದೇನೂ ಇರಬಹುದು ಅಂದಾರ ಡಾಕ್ಟ್ರು.”

ಅವನ ಕಣ್ಣು ತುಂಬಿತು. “ತಪ್ಪಾತು, ನಂದಿನಿ. ನನಗ ನೀವಾ ಬೇಕು. ಆದ್ರ ನಮ್ಮವ್ವಗ ಈಗ ಹೇಳೂದು ಬ್ಯಾಡ.”

ಬಚ್ಚಿಡುವವರು ಇನ್ನು ಮೂವರಾದರು ಎಂದುಕೊಳ್ಳುತ್ತ ಅವಳು ಬಸ್ ಹತ್ತಿದಳು.

ಹೆಣ್ಣು ನೋಡಲು ತಾಯಿ, ಮಗ ಮಸ್ಕಿಗೆ ಬಂದರು. ಅವನ ತಾಯಿ ಪ್ರೀತಿಯಿಂದಲೇ ಅವಳ ತಲೆ ನೇವರಿಸಿ, “ಆರೋಗ್ಯ ಹೆಂಗದವ್ವಾ? ಭಾಳ ತೆಳ್ಳಗದಿ,” ಎಂದಳು. ಗದ್ದೆಮ್ಮ ಬಾಯಿ ತೆರೆಯುವಷ್ಟರಲ್ಲಿ ನಂದಿನಿ ಹೇಳಿದಳು:

“ನನಗ ಫಿಟ್ಸ್ ಬರ್ತಾವ್ರೀ. ಗುಳಿಗಿ ತಗೊಳ್ಳಾಕತ್ತೀನಿ. ನಿಮ್ಮ ಮಗಗ ಹೇಳೀನಿ.”

ಆ ತಾಯಿ ಮಗನ ಕಡೆ ತಿರುಗಿದಳು. “ನಿನಗ ಗೊತ್ತಿತ್ತೇನಲೇ?”

ಸಿದ್ದರಾಮ ನೆಲ ನೋಡಿದ. “ಇಲ್ಲಬೇ,” ಎಂದ.

ಚಹಾ ಹಾಗೇ ಉಳಿಯಿತು. ತಾಯಿಯ ಹಿಂದೆ ಅವನೂ ಎದ್ದುಹೋದ. ಗದ್ದೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಂದಿನಿಗೆ ಅಳು ಬರಲಿಲ್ಲ. ಜರ್ಬಿಲ್‌ಗಳ ಪಂಜರದ ಮುಂದೆ ಕುಳಿತು ಸಂಜೆಯವರೆಗೂ ಹಳೆಯ ಹೊಟ್ಟು ತೆಗೆದು ಹೊಸದು ಹರಡಿದಳು.

ಇಪ್ಪತ್ತು ದಿನ ಅವಳು ಅವನ ಫೋನ್ ಎತ್ತಲಿಲ್ಲ. ಇಪ್ಪತ್ತೊಂದನೇ ದಿನ ಅವನು ಅಂಗಡಿಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣುಗಳು ಒಳಸೇರಿದ್ದವು. ಇಬ್ಬರೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತರು.

“ಜಗಳ ಮಾಡೀನಿ. ಒಂದು ವರ್ಷ ಕೊಡ್ರಿ, ಅವ್ವನ್ನ ಒಪ್ಪಿಸ್ತೀನಿ. ನಿಮ್ಮನ್ನ ಬಿಟ್ಟು ನನಗ ಆಗಂಗಿಲ್ಲ.”

“ನನಗೂ ಆಗಂಗಿಲ್ಲ,” ಎಂದಳು ನಂದಿನಿ. ಮೊದಲ ಬಾರಿ ಅದನ್ನು ಬಾಯಿಬಿಟ್ಟು ಹೇಳಿದ್ದಳು. “ಆದ್ರ ನಾ ಬಿದ್ದಾಗೆಲ್ಲ ನಮ್ಮವ್ವ ಮೊದಲ ಬಾಗಲಾ ಹಾಕ್ತಾಳ, ಯಾರರ ನೋಡ್ಯಾರು ಅಂತ. ಆಮ್ಯಾಲ ನನ್ನ ಹಿಡಿತಾಳ. ನಿಮ್ಮ ಮನ್ಯಾಗೂ ಹಂಗಾ ಆಗ್ತದ. ಬಾಗಲಾ ಹಾಕೂದು ನೀವಾ ಆದ್ರ, ನಾ ತಡಕೊಳ್ಳಂಗಿಲ್ಲ.”

ಅವನು ಅವಳ ಕೈ ಹಿಡಿದುಕೊಂಡ. ಸುತ್ತ ಜನ ನೋಡುತ್ತಿದ್ದರು. ಈ ಸಲ ಅವನು ತಲೆ ತಗ್ಗಿಸಲಿಲ್ಲ. ತಡವಾಗಿತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಸಿಂಧನೂರಿನ ಬಸ್ ಬಂತು, ತುಂಬಿತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ನಂದಿನಿ ಅವನ ಕೆನ್ನೆಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿದಳು.

“ಹೋಗು,” ಎಂದಳು. “ನೀ ಕುಂತ್ರ ನನಗ ಏಳಾಕ ಆಗಂಗಿಲ್ಲ.”